ಗೌರವ್ವನಿಗೆ ಬಂದ ಪಾರ್ಸೆಲ್ಲು

ಮೊನ್ನೆ ಕೊರಿಯರಿನವನು ಒಂದು ರಟ್ಟಿನ ಪೆಟ್ಟಿಗೆಯನ್ನು ಗೇಟಿನ ಮೇಲಿಂದಲೇ ಅಂಗಳಕ್ಕೆ ಎಸೆದು ಹೋದ. ನಾನು ಒಳಗಿನಿಂದ ಬೈಯುವಷ್ಟರಲ್ಲಿ ಅವನ ಗಾಡಿ ಬೀದಿ ದಾಟಿತ್ತು. ಸೊಸೆ ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದಳು. 'ತಡಿ, ಮುಟ್ಟಬೇಡ' ಎಂದು ನಾನೇ ಹೋಗಿ, ಕನ್ನಡಕ ಸರಿಮಾಡಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಕಳಿಸಿದವರ ಹೆಸರಿತ್ತು, ನಮಗೆ ಗೊತ್ತಿರುವವರದೇ. ಎಣ್ಣೆ ಕಲೆಯಿರಲಿಲ್ಲ, ವಾಸನೆಯಿರಲಿಲ್ಲ. 'ಈಗ ತಗೊ' ಎಂದೆ. 'ಅತ್ತೆ, ನಿಮ್ಮ ಚೆಕ್‌ಪೋಸ್ಟಲ್ಲಿ ಪಾಸಾಯ್ತಾ?' ಎಂದು ಅವಳು ನಕ್ಕಳು. ಒಳಗಿದ್ದದ್ದು ಮಿಕ್ಸಿಯ ಜಾರು.

ನಗುವವರು ನಗಲಿ. ಅದೇ ಸಂಜೆ ಪಕ್ಕದ ಮನೆಯವರು ದೀಪಾವಳಿಗೆ ಇನ್ನೂ ಎಷ್ಟೋ ದಿನವಿರುವಾಗಲೇ ಪಟಾಕಿ ಹಚ್ಚಿದರು. ಗಂಧಕದ ವಾಸನೆ ಕಿಟಕಿಯಿಂದ ಒಳಗೆ ಬಂತು. ಆ ವಾಸನೆಗೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆ. ನನಗೆ ಸೊರಬದ ಪೋಸ್ಟಾಫೀಸು ನೆನಪಾಗುತ್ತದೆ, ಗೌರವ್ವ ನೆನಪಾಗುತ್ತಾಳೆ.

ಕನ್ನಡ ನಾಡೆಲ್ಲ ಒಂದಾಗಿ ಒಂದೆರಡು ವರ್ಷವಾಗಿತ್ತು. ನನಗೆ ಆಗ ಹತ್ತೊಂಬತ್ತು. ಮದುವೆಯಾಗಿ ಶಿಕಾರಿಪುರದಲ್ಲಿ ಸಂಸಾರ ಹೂಡಿದ್ದೆ. ತವರೂ ಅದೇ ಊರು, ಎರಡು ಬೀದಿ ಆಚೆ. ಬೇಸರವಾದರೆ ಅಮ್ಮನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು, ಅತ್ತೆಯ ಮೇಲೆ ಒಂದಿಷ್ಟು ಚಾಡಿ ಹೇಳಿ ಬರುತ್ತಿದ್ದೆ. ಅಂಥ ಸುಖದಲ್ಲಿರುವಾಗ ಇವರಿಗೆ ಸೊರಬಕ್ಕೆ ಸಬ್ ಪೋಸ್ಟ್ ಮಾಸ್ತರಾಗಿ ವರ್ಗವಾಯಿತು. ಆಷಾಢದ ಮಳೆಯಲ್ಲಿ ನಮ್ಮ ಹಾಸಿಗೆ ಸುರುಳಿ ಬಸ್ಸಿನ ಮೇಲೆ ಕುಳಿತು ನೆನೆಯಿತು, ನಾನು ಬಸ್ಸಿನ ಒಳಗೆ ಕುಳಿತು ಅತ್ತೆ. ಇವರು ಕಿಟಕಿಯಾಚೆ ನೋಡುತ್ತ, 'ಅಲ್ಲೂ ಕಾಫಿಪುಡಿ ಸಿಗುತ್ತೆ' ಎಂದರು. ಸಮಾಧಾನ ಮಾಡುವುದು ಅಂದರೆ ಇವರಿಗೆ ಇಷ್ಟೇ.

ಸೊರಬದಲ್ಲಿ ಮುಂದೆ ಆಫೀಸು, ಹಿಂದೆ ಮನೆ. ನಡುವೆ ಒಂದೇ ಗೋಡೆ, ಆ ಗೋಡೆಗೆ ಆತುಕೊಂಡು ನನ್ನ ಒಲೆ. ಆಚೆ ಪ್ಯಾಕರ್ ಹಾಲಪ್ಪ ಟಪಾಲಿಗೆ ಮೊಹರು ಹೊಡೆಯತೊಡಗಿದರೆ ಈಚೆ ನನ್ನ ಸಾಸಿವೆ ಡಬ್ಬಿ ಕುಣಿಯುತ್ತಿತ್ತು. ಹಾಲಪ್ಪನದು ದೊಡ್ಡ ಕೈ, ದೊಡ್ಡ ದನಿ, ದೊಡ್ಡ ಮನಸ್ಸು. ಕಾಗದವಿರಲಿ, ಪಾರ್ಸೆಲ್ಲಿರಲಿ, ಅವನು ಮೊಹರು ಎತ್ತಿದರೆ ಕಟ್ಟಿಗೆ ಒಡೆಯುವವನ ಹಾಗೆ ತಲೆಯ ಮೇಲಿಂದಲೇ ಇಳಿಸಬೇಕು.

ಇವರದು ಅದಕ್ಕೆ ತದ್ವಿರುದ್ಧ. ಪ್ರತಿಯೊಂದು ಪಾರ್ಸೆಲ್ಲನ್ನೂ ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಮೆಲ್ಲಗೆ ಇಡುತ್ತಿದ್ದರು. ಕಳಿಸಿದವರ ಹೆಸರಿಲ್ಲದಿದ್ದರೆ ಮುಖ ಗಂಟಾಗುತ್ತಿತ್ತು. 'ಕೂಸು ಎತ್ತಿಕೊಂಡಂಗೆ ಎತ್ಕೊಂತಾರಲ್ರೀ' ಎಂದು ಹಾಲಪ್ಪ ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಂದು ದಿನ, ನಮ್ಮ ಜೊತೆಗೇ ಸೊರಬಕ್ಕೆ ಬಂದಿದ್ದ ನಮ್ಮತ್ತೆ ನನ್ನನ್ನು ಹಿತ್ತಿಲಿಗೆ ಕರೆದು ಗದರಿದರು. ಇವರು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆ ಊರಿನ ಆಫೀಸೊಂದರಲ್ಲಿ, ಪಕ್ಕದ ಮೇಜಿನ ಗೆಳೆಯನ ಕೈಯಲ್ಲಿ ಒಂದು ಪಾರ್ಸೆಲ್ಲು ಸಿಡಿದಿತ್ತಂತೆ. ಯಾರೋ ಮದುವೆಗೆಂದು ಕಳಿಸಿದ್ದ ಬಾಣಬಿರುಸು. ಆ ಗೆಳೆಯ ಆಮೇಲೆ ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತನಂತೆ. 'ಆ ರಕ್ತ ನನ್ನ ಮಗನ ಅಂಗಿ ಮೇಲಿತ್ತು ಕಣೆ, ನಾನೇ ಒಗೆದಿದ್ದು' ಎಂದರು ಅತ್ತೆ. ಅಂದಿನಿಂದ ನಾನು ಎದುರಿಗೆ ನಗುವುದನ್ನು ಬಿಟ್ಟೆ. ಹಿಂದಿನಿಂದ ಸ್ವಲ್ಪ ನಗುತ್ತಿದ್ದೆ.

ಶ್ರಾವಣದಲ್ಲಿ ಊರೆಲ್ಲ ನಗುವಂಥದ್ದೇ ನಡೆಯಿತು. ಕುಪ್ಪಗಡ್ಡೆಯ ಜಮೀನ್ದಾರರೊಬ್ಬರ ಮನೆಯಿಂದ ಶಿವಮೊಗ್ಗಕ್ಕೆ ಹೋಗಬೇಕಾದ ಒಂದು ತಗಡಿನ ಡಬ್ಬ ಬಂತು, ಮೇಲೆ ಗೋಣಿ ಹೊಲಿಗೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಡಬ್ಬದ ಹೊಟ್ಟೆ ಉಬ್ಬಿತ್ತು. ಗೋಣಿಯ ಮೇಲೆ ಕಪ್ಪು ಕಲೆ. ಕಿವಿಗೊಟ್ಟರೆ ಒಳಗಿನಿಂದ ಬುಸ್ ಬುಸ್ ಸದ್ದು. ಇವರು ಆಫೀಸನ್ನೆಲ್ಲ ಖಾಲಿ ಮಾಡಿಸಿ, ರಸ್ತೆಯಲ್ಲಿ ಹೋಗುವವರನ್ನೂ ತಡೆದು, ಪೊಲೀಸು ಠಾಣೆಗೆ ಹೇಳಿ ಕಳಿಸಿದರು. ದಫೇದಾರರು ಬಂದವರೇ ಗೋಣಿ ಹರಿದು, ಮುಚ್ಚಳ ಎಬ್ಬಿಸಿ, ಒಳಗೆ ಬೆರಳದ್ದಿ ಬಾಯಿಗಿಟ್ಟುಕೊಂಡರು. 'ಜೋನಿಬೆಲ್ಲ ಕಣ್ರೀ ಮಾಸ್ತರ್ರೇ! ಹುಳಿ ಬಂದೈತೆ ಅಷ್ಟೆ!' ಎಂದು ಆ ನೀರುಬೆಲ್ಲವನ್ನು ಚಪ್ಪರಿಸಿದರು. ಇವರು ಮಾತ್ರ, 'ಬೆರಳು ಬಾಯಿಗಿಡಬಾರದಿತ್ತು' ಎಂದಷ್ಟೇ ಹೇಳಿ ಒಳಗೆ ಹೋದರು.

ಅಂದಿನಿಂದ ಇವರ ಹೆಸರು ಜೋನಿಬೆಲ್ಲದ ಮಾಸ್ತರು ಎಂದಾಯಿತು. ಸಂತೆಗೆ ಹೋದರೆ ಬೆಲ್ಲದ ಅಂಗಡಿಯವನು, 'ಮಾಸ್ತರ್ರೇ, ಹೆದರಬ್ಯಾಡ್ರಿ, ಅಚ್ಚುಬೆಲ್ಲ ಇದು' ಎನ್ನುತ್ತಿದ್ದ. ಇವರಿಗೆ ಕೋಪವೇ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ನನ್ನ ಗಂಡನನ್ನು ನೋಡಿ ನಾನು ನಗಬಹುದು, ಬೆಲ್ಲದ ಅಂಗಡಿಯವನು ಯಾರು?

ಆ ಊರಿನಲ್ಲಿ ನನ್ನ ಜೀವ ಉಳಿಸಿದವಳು ಗೌರವ್ವ. ಊರ ಹೊರಗೆ ಕಾನುಕಾಡಿನ ಅಂಚಿಗೆ ಅವರ ಗದ್ದೆ, ಮನೆ. ದಿನಾ ಬೆಳಿಗ್ಗೆ ನಮಗೆ ಹಾಲು ತರುತ್ತಿದ್ದಳು. ಮೊದಲ ದಿನವೇ ಅವಳ ಬಾಯಲ್ಲಿ ನಮ್ಮೂರ ಕಡೆಯ 'ಐತಿ', 'ಹೋಗೇತಿ' ಕೇಳಿ ನಾನು ಹಾಲಿನ ಪಾತ್ರೆ ಅಲ್ಲೇ ಬಿಟ್ಟು, 'ನಿಂದು ಯಾವೂರೇ?' ಎಂದೆ. ನಮ್ಮ ಶಿಕಾರಿಪುರದ ಪಕ್ಕದ ಅಂಜನಾಪುರದ ಹತ್ತಿರದ ಹಳ್ಳಿ, ಕೆರೆ ನೀರಿನ ಕೆಳಗಿನ ಗದ್ದೆ ಬಯಲಿನವಳು. ನನಗೆ ಊರೇ ನಡೆದುಬಂದು ಕಟ್ಟೆಯ ಮೇಲೆ ಕುಳಿತ ಹಾಗಾಯಿತು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಎರಡು ಮಕ್ಕಳ ತಾಯಿ. ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು.

ಹಾಲು ಅಳೆದಾದ ಮೇಲೆ ಅವಳು ಕೇಳುವ ಪ್ರಶ್ನೆ ಒಂದೇ. 'ಅಮ್ಮಾರೇ, ನಮ್ಮ ತವರಿಂದ ಏನಾರ ಬಂದೈತೇನು ಕೇಳ್ರಿ.' ನಾನು ಒಳಬಾಗಿಲಿನಿಂದ ಇವರನ್ನು ಕೇಳುತ್ತಿದ್ದೆ, ಇವರು ತಲೆ ಅಲ್ಲಾಡಿಸುತ್ತಿದ್ದರು. 'ಬರ್ತೈತಿ ಬಿಡ್ರಿ' ಎಂದು ಅವಳೇ ನನಗೆ ಸಮಾಧಾನ ಹೇಳಿ ಹೋಗುತ್ತಿದ್ದಳು.

ತಂದೆತಾಯಿ ಇಲ್ಲದ ಗೌರವ್ವನಿಗೆ ತವರು ಅಂದರೆ ಅಣ್ಣ ಬಸಣ್ಣನೊಬ್ಬನೇ. ಎರಡು ವರ್ಷದ ಹಿಂದೆ ಅವನ ಮಗಳ ಮದುವೆಯಲ್ಲಿ, ಗೌರವ್ವನ ಗಂಡ ನಾಗಪ್ಪನನ್ನು ಮೊದಲ ಪಂಕ್ತಿಗೆ ಕರೆಯುವುದು ಮರೆತುಹೋಯಿತು. ನಾಗಪ್ಪ ಉಣ್ಣದೇ ಎದ್ದು ಬಂದ, ಹೆಂಡತಿಯನ್ನೂ ಎಬ್ಬಿಸಿಕೊಂಡು ಬಂದ. ಚಪ್ಪರದ ಕೆಳಗೆ ಎಲ್ಲರ ಎದುರಿಗೆ ಮಾನ ಹೋದ ಬಸಣ್ಣ, ಇನ್ನು ಸತ್ತರೂ ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿದ. ಗಂಡಸರಿಬ್ಬರ ಹಟದ ನಡುವೆ ಗೌರವ್ವನಿಗೆ ಎರಡು ವರ್ಷದಿಂದ ತವರಿನ ಒಂದು ಬಳೆಚೂರೂ ಇಲ್ಲ. 'ನೆರೆಮನ್ಯಾರು ಕೇಳ್ತಾರ್ರೀ, ಏನ್ ಗೌರವ್ವಾ, ನಿಮ್ಮಣ್ಣ ಅದಾನೋ ಇಲ್ಲೋ ಅಂತ' ಎಂದು ಒಮ್ಮೆ ಹೇಳಿ ಅತ್ತಳು. ನಾನೂ ಅತ್ತೆ. ಅಮ್ಮನ ಕಾಫಿಗೆ ಅಳುತ್ತಿದ್ದ ನನ್ನ ಕಣ್ಣೀರಿಗೆ ಆಗ ನನಗೇ ನಾಚಿಕೆಯಾಯಿತು.

ಭಾದ್ರಪದ ಕಳೆದು ಬತ್ತ ಹೊಡೆ ಕಟ್ಟುವ ಹೊತ್ತಿಗೆ ಕಾನಿನಿಂದ ಹಂದಿಗಳು ಇಳಿದವು. ಒಂದು ರಾತ್ರಿಗೆ ಒಂದು ಗದ್ದೆ ಮಗುಚಿ ಹಾಕಿ ಹೋಗುತ್ತಿದ್ದವು. ನಾಗಪ್ಪ ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿದೂ ಬಡಿದೂ ಸೋತ. ಗೌರವ್ವ ಗಂಡನಿಗೆ ಹೇಳದೆ, ಶಾಲೆಯ ಮೇಷ್ಟರ ಕೈಯಲ್ಲಿ ಅಣ್ಣನಿಗೊಂದು ಕಾರ್ಡು ಬರೆಸಿದಳು. ಹಂದಿ ಹಾವಳಿ ತಡೆಯಲಾರೆವು, ಭೂಮಿ ಹುಣ್ಣಿಮೆಗೆ ನೀನು ಬಾ ಎಂದು. ಆ ಕಾರ್ಡಿಗೆ ಹಾಲಪ್ಪ ಮೊಹರು ಹೊಡೆಯುವಾಗ ನನ್ನ ಡಬ್ಬಿ ಕುಣಿದದ್ದನ್ನು ಕಂಡು ನಾನು ಮನಸ್ಸಿನಲ್ಲೇ ಕೈಮುಗಿದೆ.

ಭೂಮಿ ಹುಣ್ಣಿಮೆ ಆ ಕಡೆ ದೊಡ್ಡ ಹಬ್ಬ. ಬತ್ತ ಬಸಿರಾಗಿರುತ್ತದೆ, ಭೂಮಿತಾಯಿಗೆ ಬಯಕೆ ಊಟ ಮಾಡಿಸಬೇಕು. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಕಡುಬು, ಬುತ್ತಿ, ಬಗೆಬಗೆಯ ಸೊಪ್ಪಿನ ಅಡಿಗೆ ತುಂಬಿ ಬೆಳಗಿನ ಜಾವ ಗದ್ದೆಗೆ ಹೊರುತ್ತಾರೆ. ಗೌರವ್ವ ತಿಂಗಳಿಂದ ಬುಟ್ಟಿ ಬರೆಯುತ್ತಿದ್ದಳು. ಬುಟ್ಟಿಯ ಚಿತ್ತಾರದಲ್ಲಿ ಒಂದು ಜೋಡೆತ್ತಿನ ಗಾಡಿ, ಗಾಡಿಯಲ್ಲಿ ಒಬ್ಬ ಗಂಡಸು. ಯಾರದು ಎಂದು ನಾನು ಕೇಳಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆಯ ಬಸ್ಸಿನ ಟಪಾಲಿನಲ್ಲಿ ಅದು ಬಂತು. ನಾನು ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಆಚೆಯಿಂದ ಹಾಲಪ್ಪನ ಕೂಗು ಕೇಳಿಸಿತು. 'ಅಮ್ಮಾರೇ, ಗೌರವ್ವಂಗೆ ಪಾರ್ಸೆಲ್ ಬಂತು! ಶಿಕಾರಿಪುರದ ಕಡೇದು!' ನಾನು ಕೈ ಒರೆಸಿಕೊಳ್ಳುತ್ತ ಒಳಬಾಗಿಲಿಗೆ ಓಡಿದೆ. ಬಿಳಿ ಬಟ್ಟೆಯಲ್ಲಿ ಹೊಲಿದ, ಎಳೆಗೂಸಿನಷ್ಟು ದಪ್ಪದ ಗಂಟು. ಹಾಲಪ್ಪನ ಕೈಯಲ್ಲಿದ್ದ ಮೊಹರು ಆಗಲೇ ತಲೆಯ ಮೇಲಿತ್ತು.

'ಹಾಲಪ್ಪಾ, ನಿಲ್ಲು!' ಎಂದರು ಇವರು.

ಇವರು ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಹಾಲಪ್ಪ ಮೊಹರು ಎತ್ತಿದ ಕೈಯಲ್ಲೇ ನಿಂತ. ಇವರು ಹತ್ತಿರ ಹೋಗಿ, ಪಾರ್ಸೆಲ್ಲನ್ನು ಮುಟ್ಟದೆ, ಬಗ್ಗದೆ, ನಿಂತಲ್ಲಿಂದಲೇ ನೋಡಿದರು. ಬೇಕಾದ್ದಕ್ಕಿಂತ ಹೆಚ್ಚು ಸ್ಟಾಂಪು ಹಚ್ಚಿತ್ತು. ಕಳಿಸಿದವರ ಹೆಸರಿರಲಿಲ್ಲ. ಒಂದು ಮಗ್ಗುಲಿಗೆ ಮಾತ್ರ ಭಾರ ಎಳೆದಂತೆ ಓರೆಯಾಗಿ ಕುಳಿತಿತ್ತು. ಬಟ್ಟೆಯ ಮೇಲೆ ಎಣ್ಣೆಯ ಜಿಡ್ಡು, ಹೊಲಿಗೆಯ ಸಂದಿಯಲ್ಲಿ ಹಳದಿ ಪುಡಿ. ಎಸೆಯಬೇಡಿ ಅನ್ನುವುದನ್ನು ನಮ್ಮ ಕಡೆಯ ಮಾತಿನಲ್ಲಿ, 'ಬಳೆ ಐತಿ, ಒಗಿಬ್ಯಾಡ್ರಿ' ಎಂದು ಇದ್ದಿಲಿನಲ್ಲಿ ಬರೆದಿತ್ತು. ಅಷ್ಟು ದೂರದಲ್ಲಿದ್ದ ನನ್ನ ಮೂಗಿಗೂ ಬಾಣಬಿರುಸಿನ ವಾಸನೆ ಬಂತು.

'ಮೊಹರು ಮೆಲ್ಲಗೆ ಇಳಿಸು. ಮೇಜಿನ ಮೇಲೆ ಬೇಡ, ಕೈಯಲ್ಲೇ ಇಟ್ಕೊ. ಹೊರಗೆ ನಡಿ' ಎಂದರು. ಹಾಲಪ್ಪ ಹೊರಗೆ ಬಂದವನೇ ಅಭ್ಯಾಸಬಲದಿಂದ ಬೀಡಿ ತೆಗೆದ. ಇವರು ಅವನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡರು. ಬಾವಿಕಟ್ಟೆಗೆ ಕರೆದೊಯ್ದು, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಸಿದರು. ಆಮೇಲೆ ನನ್ನ ಕಡೆ ತಿರುಗಿ, 'ಒಲೆ ಆರಿಸು' ಎಂದರು.

ಹಬ್ಬದ ಹಿಂದಿನ ದಿನ ಹತ್ತಿದ ಒಲೆಗೆ ನೀರು ಹಾಕುವುದೆಂದರೆ ನಮ್ಮತ್ತೆಯ ಮಟ್ಟಿಗೆ ಮಹಾಪಾಪ. ನಾನು ತಡವರಿಸಿದೆ. 'ಮತ್ತೆ ಬೆಲ್ಲವೇ ಆಗಿದ್ದರೆ?' ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಅಷ್ಟರಲ್ಲಿ ದಿನಾ ಮಗನನ್ನು ಬೈದುಕೊಂಡೇ ಇರುತ್ತಿದ್ದ ನಮ್ಮತ್ತೆ ಕೊಡ ಎತ್ತಿ ಒಲೆಗೆ ಸುರಿದರು. ಬೂದಿ ಹಾರಿ ಬೇಳೆಯ ಮೇಲೆ ಕುಳಿತಿತು. 'ಅವನು ಆರಿಸು ಅಂದ ಮೇಲೆ ಆರಿಸೋದು. ನಡಿ' ಎಂದು ನನ್ನ ರಟ್ಟೆ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಗೆಳೆದರು.

ರಸ್ತೆಯಾಚೆಯ ಹುಣಸೆ ಮರದ ಕೆಳಗೆ ನಾವೆಲ್ಲ ನಿಂತೆವು. ಜನ ಸೇರಿತು. 'ಜೋನಿಬೆಲ್ಲ! ಜೋನಿಬೆಲ್ಲ!' ಎಂದು ಯಾರೋ ಹಿಂದಿನಿಂದ ಕೂಗಿದರು. ಇವರ ಕಿವಿ ಕೆಂಪಾಯಿತು. ಆದರೂ ಎರಡೂ ಕೈ ಚಾಚಿ ಜನರನ್ನು ಹಿಂದೆ ಸರಿಸುತ್ತಲೇ ಇದ್ದರು. ನನಗೆ ಇವರ ಮೇಲೆ ಪ್ರೀತಿ ಹುಟ್ಟಿದ್ದು ಮದುವೆಯ ದಿನವಲ್ಲ, ಆ ಗಳಿಗೆಯಲ್ಲಿ.

ಸುದ್ದಿ ತಿಳಿದು ಗೌರವ್ವ ಓಡಿಬಂದಳು. ಕೈಗೆ ಇನ್ನೂ ಕೆಮ್ಮಣ್ಣು ಮೆತ್ತಿತ್ತು. 'ನಂದಂತಲ್ರೀ! ಎಲ್ಲೈತ್ರೀ? ಕೊಡ್ರಿ' ಎಂದು ಮುಖ ಅರಳಿಸಿ ಇವರ ಮುಂದೆ ಎರಡೂ ಕೈ ಒಡ್ಡಿದಳು.

'ಈಗ ಕೊಡೋ ಹಾಗಿಲ್ಲಮ್ಮ' ಎಂದರು ಇವರು.

'ಯಾಕ್ರೀ? ನನ್ನ ಹೆಸರಿಗೆ ಬಂದಿದ್ದು. ಎರಡು ವರ್ಷಕ್ಕೆ ಬಂದೈತ್ರೀ ನನ್ನ ತವರಿಂದ. ನಿಮಗೆ ಕೈ ಮುಗೀತೀನಿ.'

'ಅದರಿಂದ ಮದ್ದಿನ ವಾಸನೆ ಬರ್ತಿದೆ. ಪುಡಿ ಉದುರಿದೆ. ಒಳಗೇನಿದೆ ಅಂತ ಗೊತ್ತಾಗೋವರೆಗೆ ನೀನೂ ಮುಟ್ಟಬಾರದು, ನಾನೂ ಮುಟ್ಟಬಾರದು. ಕಳಿಸಿದ್ದು ಯಾರು ಅಂತ ನಿನಗೇನಾದರೂ ಗೊತ್ತೇನಮ್ಮ?'

ಅವಳ ಮುಖದ ಮೇಲಿನ ನಗು ಅಲ್ಲೇ ನಿಂತುಬಿಟ್ಟಿತು. ಪಕ್ಕದಲ್ಲಿದ್ದ ನನ್ನ ಕೈ ಹಿಡಿದುಕೊಂಡಳು, ಹಿಡಿತ ಬಿಗಿಯಾಗುತ್ತ ಹೋಯಿತು. 'ಗೊತ್ತಿಲ್ರೀ' ಎಂದಳು. ಮೂರು ವರ್ಷದ ಕೂಸೂ ನಂಬದಂಥ ದನಿ.

ಠಾಣೆಗೆ ಹೇಳಿ ಕಳಿಸಿದ್ದಕ್ಕೆ ದಫೇದಾರರು ಆರಾಮಾಗಿ ಬಂದರು. 'ಏನ್ ಮಾಸ್ತರ್ರೇ, ಮೊದ್ಲೇ ಹೇಳಿದ್ರೆ ರೊಟ್ಟಿ ತರ್ತಿದ್ನಲ್ಲ' ಎಂದರು. ಜನ ಹೋ ಎಂದು ನಕ್ಕಿತು. ಕೆಟ್ಟವರಲ್ಲ ಅವರು. ಮನೆಯಲ್ಲಿ ಒಂದು ರಾಶಿ ಮಕ್ಕಳು, ಬೀದಿಯಲ್ಲಿ ಹೋಗುವಾಗ ಒಂದನ್ನು ಹೆಗಲ ಮೇಲೆ ಹೊತ್ತೇ ಇರುತ್ತಿದ್ದರು. ಇವರು ದಾರಿಗೆ ಅಡ್ಡ ನಿಂತು, 'ಬಿಚ್ಚಬೇಡಿ, ಅಲ್ಲಾಡಿಸಬೇಡಿ, ಗೊತ್ತಿದ್ದವರನ್ನ ಕರೆಸೋಣ' ಎಂದರು. ದಫೇದಾರರು ಇವರ ಭುಜ ತಟ್ಟಿ, 'ತವರಿಂದ ಹೆಣ್ಮಗಳಿಗೆ ಬಳೆ ಬಂದೈತೆ ಕಣ್ರೀ. ಹಬ್ಬದ ಹೊತ್ತಲ್ಲಿ ಅವಳನ್ನ ಅಳಿಸಬ್ಯಾಡಿ' ಎಂದು ಪಕ್ಕಕ್ಕೆ ಸರಿಸಿದರು. ಜೇಬಿನಿಂದ ಚಾಕು ತೆಗೆದು, ಬಿಡಿಸಿ, ಆಫೀಸಿನ ಮೆಟ್ಟಿಲು ಹತ್ತಿದರು.

ಗೌರವ್ವ ನನ್ನ ಕೈ ಕೊಡವಿ ಓಡಿದಳು. ಮೆಟ್ಟಿಲ ಮೇಲೆ ದಫೇದಾರರ ಅಂಗಿಯ ತುದಿ ಹಿಡಿದು ಜಗ್ಗಿದಳು.

'ಬ್ಯಾಡ್ರೀ ಯಪ್ಪಾ! ಅದು ಹಂದಿಮದ್ದು! ಮುಟ್ಟಿದ್ರೆ ಸಿಡಿತೈತಿ! ನಮ್ಮಣ್ಣ ಮಾಡ್ತಾನ್ರೀ ಅದನ್ನ!'

ನಗುತ್ತಿದ್ದ ಜನ ತಾನಾಗಿ ಹಿಂದೆ ಸರಿಯಿತು. ದಫೇದಾರರು ಚಾಕು ಹಿಡಿದ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದರು.

ಬಸಣ್ಣ ಹಳ್ಳಿಗಳ ಜಾತ್ರೆ, ಮದುವೆಗೆ ಗರ್ನಾಲು, ಬಾಣ ಕಟ್ಟಿಕೊಡುವವನು. ಅದಕ್ಕೆ ಅವನ ಹತ್ತಿರ ಲೈಸೆನ್ಸು ಇತ್ತು. ಕದ್ದುಮುಚ್ಚಿ ಹಂದಿಮದ್ದಿನ ಉಂಡೆಯನ್ನೂ ಮಾಡುತ್ತಿದ್ದ, ಅದಕ್ಕೆ ಇರಲಿಲ್ಲ. ಹಂದಿ ಕಚ್ಚಿದರೆ ಸಿಡಿಯುವ ಉಂಡೆ ಅದು, ಕುಟ್ಟಿದರೂ ಸಿಡಿಯುತ್ತದೆ. ತಂಗಿಯ ಕಾರ್ಡು ಕೈಗೆ ಬಂದಾಗ ಅವನಿಗೆ ತಡೆಯಲಾಗಲಿಲ್ಲ. ಆಣೆ ಹಾಕಿದ್ದ, ಹೊಸಿಲು ತುಳಿಯುವ ಹಾಗಿರಲಿಲ್ಲ. ಹೆಸರು ಬರೆದರೆ ನಾಗಪ್ಪ ನೋಡಿ ವಾಪಸು ಕಳಿಸುತ್ತಾನೆಂದು ಹೆಸರು ಬರೆಯಲಿಲ್ಲ. ಬಳೆ, ರವಿಕೆ ಖಣದ ಜೊತೆಗೆ ಮದ್ದನ್ನೂ ಸೇರಿಸಿ ಹೊಲಿದು, ಪೋಸ್ಟಿನವರು ಕುಕ್ಕದಿರಲೆಂದು ಇದ್ದಿಲಿನಲ್ಲಿ ಆ ಸಾಲು ಬರೆದುಬಿಟ್ಟಿದ್ದ. ಹತ್ತಿಪ್ಪತ್ತು ಮೈಲಿ ತಾನೇ ನಡೆದು ಬಂದು ಕೊಡಬಹುದಿತ್ತು. ನಮ್ಮ ಗಂಡಸರ ಹಟ ಹೀಗೆಯೇ, ನಡೆಯುವ ಕಡೆ ನಡೆಯುವುದಿಲ್ಲ.

ದಫೇದಾರರು ಹೆಸರು, ಊರು ಕೇಳಿದರು. ಗೌರವ್ವ ಎರಡನ್ನೂ ಹೇಳಿದಳು. ಹೇಳಿ ಹುಣಸೆ ಮರದ ಬೇರಿನ ಮೇಲೆ ಕುಕ್ಕರಿಸಿದಳು. 'ನಾನಾ ಹಿಡಿದು ಕೊಟ್ಟೆ ಅಮ್ಮಾರೇ. ನನ್ನ ಅಣ್ಣನ್ನ ನಾನಾ ಪೊಲೀಸರಿಗೆ ಕೊಟ್ಟೆ. ಇನ್ನೆಲ್ಲಿ ತವರು ನನಗೆ?' ಎಂದು ಎದೆ ಬಡಿದುಕೊಂಡಳು. ದಫೇದಾರರು ಸ್ವಲ್ಪ ದೂರದಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮತ್ತೆ ಮಡಿಯನ್ನೂ ಲೆಕ್ಕಿಸದೆ ಅವಳ ಪಕ್ಕ ಕುಳಿತು ಬೆನ್ನು ಸವರಿದರು. 'ಒಬ್ಬ ತಾಯಿ ಅಂಗಿ ಒಗೆಯೋದು ತಪ್ಪಿಸಿದೆಯಲ್ಲೇ' ಎಂದರು. ಗೌರವ್ವನಿಗೆ ಆ ಮಾತು ಅರ್ಥವಾಗಲಿಲ್ಲ. ನನಗಾಯಿತು.

ತಂತಿ ಯಂತ್ರವೂ ಪಾರ್ಸೆಲ್ಲಿದ್ದ ಕೋಣೆಯಲ್ಲೇ ಇತ್ತು. ಹಾಗಾಗಿ ಒಬ್ಬ ಪೇದೆ ಸಂಜೆಯ ಬಸ್ಸಿಗೆ ಶಿಕಾರಿಪುರಕ್ಕೆ ಹೊರಟ. ಇವರು ಹುಣಸೆ ಮರದ ಕೆಳಗೆ ಒಂದು ಬೆಂಚು ಹಾಕಿಸಿ, ಸಂಜೆಯ ಬಸ್ಸಿಗೆ ಬಂದ ಟಪಾಲು ಹಂಚಿದರು. ಯಾರೂ ಬೆಲ್ಲದ ಮಾತು ಎತ್ತಲಿಲ್ಲ. ಮನೆಯೊಳಗೆ ಯಾರೂ ಹೋಗಬಾರದೆಂದು ನಾವು ನೆರೆಮನೆಯ ಜಗುಲಿಯಲ್ಲಿ ಮಲಗಿದೆವು.

ಮರುದಿನ ಭೂಮಿ ಹುಣ್ಣಿಮೆ. ಚಿತ್ತೆ ಮಳೆ ಹೊಯ್ದು ಆಕಾಶ ತೊಳೆದಂತಿತ್ತು. ಗದ್ದೆಬಯಲಿನ ಕಡೆಯಿಂದ ಹೆಂಗಸರು ಬುಟ್ಟಿ ಹೊತ್ತು ಮರಳುತ್ತಿದ್ದಾಗ ಬಸ್ಸು ಬಂತು. ಪೇದೆಯ ಹಿಂದೆ ಬಸಣ್ಣ ಇಳಿದ. ಹುಬ್ಬು ಸುಟ್ಟುಹೋದ, ಬೆರಳೆಲ್ಲ ಹಳದಿಯಾದ, ಸಣಕಲು ಮನುಷ್ಯ. ಇವನೇ ಅಷ್ಟು ದೊಡ್ಡ ಆಣೆ ಹಾಕಿದವನು ಎಂದು ನಂಬುವುದು ಕಷ್ಟವಾಯಿತು. ಯಾರ ಮುಖವನ್ನೂ ನೋಡಲಿಲ್ಲ. 'ಎಲ್ಲಾರ್ನೂ ದೂರ ಕಳಸ್ರಿ. ದೋಣಿ ತುಂಬ ನೀರು ಬೇಕು' ಎಂದಷ್ಟೇ ಹೇಳಿದ. ಹಿತ್ತಿಲಿನಲ್ಲಿ ದನಕ್ಕೆ ನೀರಿಡುವ ಕಲ್ಲುದೋಣಿ ಇತ್ತು. ಬಾವಿಯಿಂದ ಸೇದಿ ಅದನ್ನು ತುಂಬಿಸಿದವನು ನಾಗಪ್ಪ. ಅವನು ಯಾವಾಗ ಬಂದನೋ, ಯಾರು ಹೇಳಿದರೋ, ತಿಳಿಯದು. ತುಂಬಿಸಿ ಬೇಲಿಯಾಚೆ ಹೋಗಿ ನಿಂತ. ಬಸಣ್ಣ ಒಬ್ಬನೇ ಒಳಗೆ ಹೋಗಿ ಆ ಗಂಟನ್ನು ಎರಡೂ ಕೈಯಲ್ಲಿ ತಂದು ನೀರಿನಲ್ಲಿ ಇಳಿಸುವವರೆಗೆ ನಾವು ಮರದ ಕೆಳಗಿಂದ ಕದಲಲಿಲ್ಲ.

ಮಧ್ಯಾಹ್ನದವರೆಗೆ ನೆನೆಸಿ, ಆಮೇಲೆ ಅವನೇ ಬಿಚ್ಚಿದ. ಉಂಡೆಗಳನ್ನು ಊರಾಚೆ, ದನಕರು ಹೋಗದ ಕಡೆ ಹೂಳಿಸಿದರು. ಹಸಿರು ಬಳೆ, ಕೆಂಪು ಅಂಚಿನ ಖಣ ನೀರಿನಿಂದ ಹೊರಬಂದದ್ದನ್ನು ಗೌರವ್ವ ದೂರದಿಂದಲೇ ಕಂಡಳು. 'ಅದಷ್ಟು ಕೊಡ್ರಿ' ಎಂದಳು. ಇವರು ಇಲ್ಲವೆಂದರು. ಆ ಪುಡಿ ವಿಷ, ಬಟ್ಟೆಯೊಳಗೆ ಇಳಿದಿದೆ, ಮಕ್ಕಳಿರುವ ಮನೆ ಎಂದರು. ಖಣ, ಬಳೆಗಳನ್ನೂ ಹೂಳಿದರು, ದೋಣಿಯ ನೀರನ್ನೂ ಅದೇ ಗುಂಡಿಗೆ ಸುರಿದರು. ತವರಿನಿಂದ ಬಂದದ್ದರಲ್ಲಿ ಅವಳಿಗೆ ಒಂದು ದಾರವೂ ಉಳಿಯಲಿಲ್ಲ.

ಬಸಣ್ಣನ ಮೇಲೆ ಕೇಸಾಯಿತು. ದಫೇದಾರರು ತಮ್ಮ ಕೈಲಾದಷ್ಟು ಹಗುರ ಮಾಡಿ ಬರೆದರಂತೆ. ಆದರೂ ಕೆಲವು ದಿನ ಜೈಲಾಯಿತು, ಲೈಸೆನ್ಸು ಹೋಯಿತು. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅವನನ್ನು ಠಾಣೆಗೆ ಕರೆದೊಯ್ಯುವ ಮೊದಲು, ನಮ್ಮ ಆಫೀಸಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರಲು ಬಿಟ್ಟರು. ಹಿಂದಿನ ದಿನದಿಂದ ಅವನು ಏನೂ ತಿಂದಿರಲಿಲ್ಲ.

ಗೌರವ್ವ ಬುಟ್ಟಿ ಹೊತ್ತು ಬಂದಳು. ಭೂಮಿತಾಯಿಗೆ ಎಡೆಮಾಡಿ ಉಳಿದದ್ದು. ಬಾಳೆಲೆಯ ಮೇಲೆ ಕಡುಬು, ಮೊಸರುಬುತ್ತಿ ಬಡಿಸಿ ಅವನ ಮುಂದೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು. ಅವನು ತಲೆಯೆತ್ತಲಿಲ್ಲ. ಬೈದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಎಲೆಯನ್ನೇ ನೋಡುತ್ತ ಕೈ ಚಾಚಿದ.

'ಆ ಕೈಯಲ್ಲಿ ಉಣ್ಣಬೇಡಿ' ಎಂದರು ಇವರು.

ಬಸಣ್ಣ ತನ್ನ ಬೆರಳು ನೋಡಿಕೊಂಡ. 'ತೊಳ್ಕೊಂಡೀನ್ರಿ' ಎಂದ.

'ಉಗುರಿನಲ್ಲಿ ಇನ್ನೂ ಹಳದಿ ಇದೆ. ಅದು ಹೊಟ್ಟೆಗೆ ಹೋಗಬಾರದು.'

ಇಂಥ ಹೊತ್ತಿನಲ್ಲೂ ಈ ಮನುಷ್ಯನದು ಇದೇ ಗೋಳೇ ಎಂದು ನನಗೆ ಸಿಟ್ಟು ಬಂತು. ಬಸಣ್ಣ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಎಲೆಯ ಮುಂದೆ ಸುಮ್ಮನೆ ಕುಳಿತ. ಬೇಲಿಯಾಚೆಯಿಂದ ನಾಗಪ್ಪನ ಒಡಕು ದನಿ ಬಂತು.

'ಏನ್ ನೋಡ್ತಾ ನಿಂತಿದೀಯೆ? ನಿಮ್ಮಣ್ಣ ಹಸ್ಕೊಂಡಿದಾನೆ. ಉಣ್ಸು.'

ಗೌರವ್ವ ಕಟ್ಟೆಯ ಮೇಲೆ ಅವನ ಎದುರಿಗೆ ಕುಳಿತಳು. ಬುತ್ತಿಯನ್ನು ಕಲಸಿ ಒಂದು ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು. ಅರ್ಧ ಅವನ ಮಡಿಲಿಗೆ ಬಿತ್ತು. ಅವನು ಬಾಯಿ ತೆರೆದ. ಅಗಿದ, ನುಂಗಿದ. ಎರಡು ವರ್ಷದ ಮೇಲೆ ಮೊದಲ ಸಲ ತಂಗಿಯ ಮುಖ ನೋಡಿದ.

'ಉಪ್ಪು ಕಮ್ಮಿ ಆಗೇತಿ, ಗೌರೀ' ಎಂದ.

ಗೌರವ್ವ ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ನಕ್ಕಳು, ಅಳುತ್ತಲೇ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, 'ಅಮ್ಮಾರೇ, ಚೂರು ಉಪ್ಪು ಕೊಡ್ರಿ' ಎಂದಳು.